ಹಲ್ಲು ಚಂದ ಮಾಡಿಸಲು ಎಷ್ಟು ಖರ್ಚಾಗುತ್ತದೆ? ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನದಲ್ಲಿ ಹಲ್ಲಿನ ಕ್ಲಿನಿಕ್ ನಡೆಸುತ್ತೇನೆ. ಆಲೂರು, ಸಕಲೇಶಪುರ, ಬೇಲೂರು, ಅರಸೀಕೆರೆ ಕಡೆಯಿಂದಲೂ ಜನ ಬರುತ್ತಾರೆ. ಹಲ್ಲುನೋವು ಅಂತ ಬಂದವರು ಗಟ್ಟಿಯಾಗಿಯೇ ಹೇಳುತ್ತಾರೆ. ಹಲ್ಲು ಬೆಳ್ಳಗಾಗಬೇಕು, ಮುಂದಿನ ಗ್ಯಾಪ್ ಮುಚ್ಚಬೇಕು ಅನ್ನುವವರ ದನಿ ಮಾತ್ರ ತಗ್ಗುತ್ತದೆ. ದುಡ್ಡಿನ ಮಾತಂತೂ ಎದ್ದು ಹೊರಡುವಾಗ, ಬಾಗಿಲ ಹತ್ತಿರ ನಿಂತು. ಅದನ್ನು ಮೊದಲೇ ಕೇಳಬೇಕು. ಚಂದ ಕಾಣಬೇಕು ಅನ್ನುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ರೇಟು ಕೇಳುವುದರಲ್ಲೂ ಇಲ್ಲ.

ಒಟ್ಟು ಎಷ್ಟಾಗುತ್ತದೆ ಅಂತ ಫೋನಿನಲ್ಲೇ ಹೇಳಬಹುದಾ?

ಅಂದಾಜು ಹೇಳಬಹುದು. ಆದರೆ ಅದನ್ನು ನಂಬಿಕೊಂಡು ದುಡ್ಡು ಹೊಂದಿಸಬೇಡಿ. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ಹಲ್ಲಿನ ಬಣ್ಣ ಕಾಣುತ್ತದೆ, ಎರಡು ಹಲ್ಲಿನ ನಡುವಿನ ಹುಳುಕು ಕಾಣುವುದಿಲ್ಲ. ವಸಡು ಎಷ್ಟು ಗಟ್ಟಿ ಇದೆ, ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇದೆಯಾ, ಹಳೇ ಫಿಲ್ಲಿಂಗ್ ಒಳಗೆ ಸೋರುತ್ತಿದೆಯಾ ಎಂಬುದೆಲ್ಲ ಬಾಯಿ ನೋಡಿ, ಎಕ್ಸ್‌ರೇ ತೆಗೆದ ಮೇಲೆಯೇ ಗೊತ್ತಾಗುವುದು. ಇವನ್ನು ಬಿಟ್ಟು ಮೇಲೆ ಚಂದ ಮಾಡಿದರೆ ವರ್ಷ ಎರಡು ವರ್ಷದಲ್ಲಿ ಕಿತ್ತು ಮತ್ತೆ ಮಾಡಬೇಕಾಗಬಹುದು.

ಆದರೂ ಒಂದು ಅಂದಾಜು ಹೇಳಿ. ನಮ್ಮ ಕಡೆ ರೇಟು ಹೇಗಿದೆ?

ಸರಿ. ಇವು ಜಿಲ್ಲಾ ಕೇಂದ್ರದಂಥ ಊರುಗಳ ಖಾಸಗಿ ಕ್ಲಿನಿಕ್‌ಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮೊತ್ತಗಳು. ಇದಕ್ಕಿಂತ ಕಡಿಮೆಗೂ ಸಿಗಬಹುದು, ಜಾಸ್ತಿಯೂ ಆಗಬಹುದು.

ಹಲ್ಲು ಕ್ಲೀನಿಂಗ್, ಅಂದರೆ ಸ್ಕೇಲಿಂಗ್: 800ರಿಂದ 2,000 ರೂಪಾಯಿ.
ಕ್ಲಿನಿಕ್‌ನಲ್ಲಿ ಕೂರಿಸಿ ಮಾಡುವ ಬ್ಲೀಚಿಂಗ್: 5,000ದಿಂದ 15,000.
ಮುಂದಿನ ಹಲ್ಲಿಗೆ ಹಲ್ಲಿನ ಬಣ್ಣದ ಕಾಂಪೋಸಿಟ್ (ಫಿಲ್ಲಿಂಗ್‌ಗೆ ಬಳಸುವ ಮೆತ್ತನೆಯ ಸಾಮಗ್ರಿ) ಕಟ್ಟುವುದು: ಒಂದು ಹಲ್ಲಿಗೆ 1,500ರಿಂದ 5,000.
ಪಿಂಗಾಣಿ ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹಾಳೆ: ಒಂದು ಹಲ್ಲಿಗೆ 8,000ದಿಂದ 20,000.
ಇಡೀ ಹಲ್ಲನ್ನು ಮುಚ್ಚುವ ಕ್ಯಾಪ್, ಒಳಗೆ ಲೋಹ, ಮೇಲೆ ಪಿಂಗಾಣಿ ಇರುವಂಥದ್ದು: 3,000ದಿಂದ 7,000. ಜಿರ್ಕೋನಿಯಾ (ಒಳಗೆ ಲೋಹದ ಪದರ ಇಲ್ಲದ, ಗಟ್ಟಿ ಬಿಳಿ ಸೆರಾಮಿಕ್) ಕ್ಯಾಪ್: 7,000ದಿಂದ 18,000.
ಹಲ್ಲು ಸಾಲಾಗಿಸಲು ಅಂಟಿಸುವ ಮೆಟಲ್ ಕ್ಲಿಪ್: 25,000ದಿಂದ 50,000. ಹಲ್ಲಿನ ಬಣ್ಣದ ಸೆರಾಮಿಕ್ ಕ್ಲಿಪ್ ಅದಕ್ಕಿಂತ ಹತ್ತು ಹದಿನೈದು ಸಾವಿರ ಮೇಲೆ.
ಅಲೈನರ್, ಅಂದರೆ ಹಲ್ಲು ಸಾಲಾಗಿಸಲು ಹಾಕಿ ತೆಗೆಯುವ ಪಾರದರ್ಶಕ ಪ್ಲಾಸ್ಟಿಕ್ ಅಚ್ಚುಗಳು: 60,000ದಿಂದ ಶುರುವಾಗಿ 2 ಲಕ್ಷ ದಾಟುವುದೂ ಉಂಟು.

ವೆನೀರ್ ಮತ್ತು ಕ್ಯಾಪ್‌ನ ರೇಟು ಒಂದೊಂದು ಹಲ್ಲಿಗೆ ಅನ್ನುವುದನ್ನು ಮರೆಯಬೇಡಿ. ನಕ್ಕಾಗ ಆರರಿಂದ ಹತ್ತು ಹಲ್ಲು ಕಾಣುತ್ತವೆ. ಬೋರ್ಡಿನಲ್ಲಿ ಬರೆದ ಸಣ್ಣ ಮೊತ್ತ ಲಕ್ಷಕ್ಕೆ ಹೋಗುವುದು ಹೀಗೆ.

ಒಂದೇ ಕೆಲಸಕ್ಕೆ ಒಂದು ಕಡೆ 4,000, ಇನ್ನೊಂದು ಕಡೆ 12,000 ಹೇಳುತ್ತಾರೆ. ಯಾಕೆ?

ಬಹಳ ಸಲ ಅದು ಒಂದೇ ಕೆಲಸ ಆಗಿರುವುದಿಲ್ಲ. ಎರಡೂ ಕಡೆ "ಕ್ಯಾಪ್" ಅಂದಿರುತ್ತಾರೆ. ಒಂದು ಲೋಹದ ಮೇಲೆ ಪಿಂಗಾಣಿ, ಇನ್ನೊಂದು ಪೂರ್ತಿ ಜಿರ್ಕೋನಿಯಾ. ಮೊದಲನೆಯದರಲ್ಲಿ ಕೆಲವು ವರ್ಷದ ನಂತರ ವಸಡಿನ ಅಂಚಿನಲ್ಲಿ ಕಪ್ಪು ಗೆರೆ ಕಾಣಿಸಬಹುದು. ದವಡೆ ಹಲ್ಲಿಗಾದರೆ ಅದು ದೊಡ್ಡ ವಿಷಯವಲ್ಲ. ಮುಂದಿನ ಹಲ್ಲಿಗೆ ಮನಸ್ಸಿಗೆ ಕಿರಿಕಿರಿ.

ನೀವು ಕೊಡುವ ದುಡ್ಡಿನಲ್ಲಿ ಒಂದು ಪಾಲು ಲ್ಯಾಬ್‌ಗೆ ಹೋಗುತ್ತದೆ. ವೆನೀರ್, ಕ್ಯಾಪ್ ನಾವು ಕ್ಲಿನಿಕ್‌ನಲ್ಲಿ ಕೂತು ಮಾಡುವುದಿಲ್ಲ. ಅಳತೆ ತೆಗೆದು ಲ್ಯಾಬ್‌ಗೆ ಕಳಿಸುತ್ತೇವೆ. ಅಲ್ಲಿ ಟೆಕ್ನಿಷಿಯನ್ ಕೂತು ಬಣ್ಣ, ಆಕಾರ, ಅಂಚಿನ ಪಾರದರ್ಶಕತೆ ಎಲ್ಲ ಕೂರಿಸುತ್ತಾರೆ. ಒಳ್ಳೇ ಟೆಕ್ನಿಷಿಯನ್ ಕೈಗೆ ಬೆಲೆ ಇದೆ. ಹಲ್ಲು ಹಲ್ಲಿನ ಹಾಗೇ ಕಾಣುವುದು ಮುಕ್ಕಾಲು ಪಾಲು ಅವರಿಂದಲೇ. ಅವರ ಹೆಸರು ರೋಗಿಗೆ ಗೊತ್ತೇ ಇರುವುದಿಲ್ಲ, ಅದು ನನಗೆ ಬೇಜಾರಿನ ವಿಷಯ.

ಉಳಿದದ್ದು ಡಾಕ್ಟರ ಸಮಯ, ಸಾಮಗ್ರಿ, ಬಾಡಿಗೆ, ಸ್ಟೆರಿಲೈಸೇಷನ್. ಮುಂದಿನ ಒಂದು ಹಲ್ಲಿಗೆ ಕಾಂಪೋಸಿಟನ್ನು ಒಂದೇ ಬಣ್ಣದಲ್ಲಿ ಬೇಗ ಬೇಗ ತುಂಬಬಹುದು. ಮೂರು ಬಣ್ಣದಲ್ಲಿ ಪದರ ಪದರವಾಗಿ ಕಟ್ಟಿ ಪಾಲಿಶ್ ಮಾಡುವುದಕ್ಕೆ ಗಂಟೆಗಟ್ಟಲೆ ಬೇಕು. ಎಸ್ಟಿಮೇಟ್‌ನಲ್ಲಿ ಎರಡಕ್ಕೂ ಹೆಸರು ಒಂದೇ.

ವೆನೀರ್ ಹಾಕಿಸಿಕೊಳ್ಳಬೇಕು ಅಂತಿದ್ದೇನೆ. 8 ಹಲ್ಲಿಗೆ 96,000 ಹೇಳಿದ್ದಾರೆ. ಸರಿಯಾ?

ರೇಟು ತಪ್ಪೇನಿಲ್ಲ. ಆದರೆ ಆ 96,000 ಮೊದಲ ಸಲದ ಖರ್ಚು ಮಾತ್ರ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಪಿಂಗಾಣಿ ವೆನೀರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹಾಳೆ. ಅದಕ್ಕೆ ಜಾಗ ಮಾಡಲು ಸಾಮಾನ್ಯವಾಗಿ ಹಲ್ಲಿನ ಮೇಲ್ಪದರವನ್ನು 0.3ರಿಂದ 0.7 ಮಿಲಿಮೀಟರ್‌ನಷ್ಟು ತೇಯುತ್ತೇವೆ. ಆ ಮೇಲ್ಪದರಕ್ಕೆ ಎನಾಮಲ್ ಅಂತ ಹೆಸರು. ಚರ್ಮ ಗಾಯ ಆದರೆ ಮಾಯುತ್ತದೆ, ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ. ಎನಾಮಲ್ ಮಾತ್ರ ಹೋದರೆ ಹೋಯಿತು. ದೇಹ ಅದನ್ನು ಮತ್ತೆ ಕಟ್ಟುವುದಿಲ್ಲ. ಹಾಗಾಗಿ ತೇಯ್ದ ಹಲ್ಲಿಗೆ ಜೀವನ ಪೂರ್ತಿ ಏನಾದರೊಂದು ಹೊದಿಕೆ ಇರಲೇಬೇಕು.

ಚೆನ್ನಾಗಿ ಮಾಡಿದ ಪಿಂಗಾಣಿ ವೆನೀರ್ ಸಾಮಾನ್ಯವಾಗಿ 10ರಿಂದ 15 ವರ್ಷ ಬರುತ್ತದೆ. ಇನ್ನೂ ಜಾಸ್ತಿ ಬಂದದ್ದೂ ಇದೆ. 12 ವರ್ಷ ಅಂತ ಹಿಡಿಯೋಣ. ಈಗ ನಿಮಗೆ 25 ಅಂದರೆ 37ಕ್ಕೆ ಒಂದು ಸಲ, 49ಕ್ಕೆ ಒಂದು ಸಲ, 61ಕ್ಕೆ ಇನ್ನೊಂದು ಸಲ ಬದಲಿಸಬೇಕು. ಒಟ್ಟು ನಾಲ್ಕು ಸಲ. ಇವತ್ತಿನ ರೇಟಿನಲ್ಲೇ 3,84,000 ರೂಪಾಯಿ. ಪ್ರತಿ ಸಲ ಹಳೆಯದನ್ನು ತೆಗೆಯುವಾಗ ಹಲ್ಲು ಇನ್ನಷ್ಟು ಸವೆಯಬಹುದು. ಕೊನೆಗೆ ಕೆಲವು ಹಲ್ಲಿಗೆ ಕ್ಯಾಪೇ ಬೇಕಾಗಬಹುದು.

ಕಾಂಪೋಸಿಟ್ ಜೊತೆ ಹೋಲಿಸಿ. 8 ಹಲ್ಲಿಗೆ 3,000ದಂತೆ 24,000. ಇದು ಬೇಗ ಮಂಕಾಗುತ್ತದೆ, ಅಂಚು ಚಕ್ಕೆ ಏಳುತ್ತದೆ. 5 ವರ್ಷಕ್ಕೊಮ್ಮೆ ಪೂರ್ತಿ ಹೊಸದಾಗಿ ಮಾಡಿಸಿದರೂ 40 ವರ್ಷಕ್ಕೆ ಎಂಟು ಸಲ, 1,92,000. ಮತ್ತೆ ಚಕ್ಕೆ ಎದ್ದಲ್ಲಿ ಅಷ್ಟನ್ನೇ ರಿಪೇರಿ ಮಾಡಬಹುದು. ಬಹಳಷ್ಟು ಸಲ ಹಲ್ಲು ತೇಯದೆಯೇ ಕಟ್ಟಬಹುದು. ನಾಳೆ ಬೇಡ ಅನ್ನಿಸಿದರೆ ತೆಗೆದು ಪಾಲಿಶ್ ಮಾಡಿದರೆ ನಿಮ್ಮ ಹಲ್ಲು ಹೆಚ್ಚುಕಡಿಮೆ ಹಾಗೇ ಉಳಿದಿರುತ್ತದೆ.

ಪಿಂಗಾಣಿ ವೆನೀರ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಣ್ಣ ತುಂಬಾ ಕಪ್ಪಾಗಿರುವವರಿಗೆ, ಮುಂದಿನ ಹಲ್ಲುಗಳು ಸವೆದು ಚಿಕ್ಕದಾದವರಿಗೆ ಅದರಷ್ಟು ಚೆನ್ನಾದದ್ದು ಕಡಿಮೆ. ಆದರೆ 22 ವರ್ಷದ ಹುಡುಗಿ ಆರೋಗ್ಯವಾದ ಹಲ್ಲನ್ನು ತೇಯಿಸಿಕೊಳ್ಳಲು ಬಂದು ಕೂತರೆ ನನಗೆ ಸಂಕಟ ಆಗುತ್ತದೆ. ಯಾವ ಕ್ಲಿನಿಕ್‌ಗೆ ಹೋದರೂ ಈ ಪ್ರಶ್ನೆ ಕೇಳಿ: "ಇದು ಎಷ್ಟು ವರ್ಷ ಬರುತ್ತದೆ, ಆಮೇಲೆ ಬದಲಿಸಲು ಎಷ್ಟು, ನನ್ನ ಹಲ್ಲು ಎಷ್ಟು ತೇಯುತ್ತೀರಿ?"

ವೆನೀರ್ ಬದಲು ಕ್ಯಾಪ್ ಹಾಕಿಸಿದರೆ ಅಗ್ಗ ಅಲ್ವಾ?

ಬಿಲ್ಲಿನಲ್ಲಿ ಅಗ್ಗ. ಹಲ್ಲಿಗೆ ದುಬಾರಿ. ಕ್ಯಾಪ್‌ಗೆ ಹಲ್ಲಿನ ಸುತ್ತಲೂ 1ರಿಂದ 2 ಮಿಲಿಮೀಟರ್‌ವರೆಗೆ ತೇಯಬೇಕು. ಅಷ್ಟು ತೇಯ್ದಾಗ ಕೆಲವು ಹಲ್ಲಿನ ನರ ಸಹಿಸುವುದಿಲ್ಲ, ಆಮೇಲೆ ರೂಟ್ ಕೆನಾಲ್ ಬರುತ್ತದೆ. ರೂಟ್ ಕೆನಾಲ್ ಆದ ಹಲ್ಲು, ಅರ್ಧ ಮುರಿದ ಹಲ್ಲು, ದೊಡ್ಡ ಫಿಲ್ಲಿಂಗ್ ಇರುವ ಹಲ್ಲಿಗೆ ಕ್ಯಾಪ್ ಸರಿ. ಸ್ವಲ್ಪ ಸೊಟ್ಟ ಇದೆ, ಹಳದಿ ಇದೆ ಅಂತ ಗಟ್ಟಿ ಹಲ್ಲಿಗೆ ಕ್ಯಾಪ್ ಹಾಕಿಸಬೇಡಿ. "ಸ್ಮೈಲ್ ಡಿಸೈನ್" ಪ್ಯಾಕೇಜ್ ಅಂದರೆ ಅದರಲ್ಲಿ ವೆನೀರ್ ಇದೆಯಾ ಕ್ಯಾಪ್ ಇದೆಯಾ ಅಂತ ಬಿಡಿಸಿ ಕೇಳಿ.

ದಿನಕ್ಕೆ ನಾಲ್ಕೈದು ಲೋಟ ಕಾಫಿ ಕುಡಿಯುತ್ತೇನೆ. ಕಲೆಗೆ ಬ್ಲೀಚಿಂಗ್ ಬೇಕಾ?

ಕಾಫಿ ಬೆಳೆಯುವ ಸೀಮೆಯಲ್ಲಿ ಕಾಫಿ ಬಿಡಿ ಅಂತ ಹೇಳಲು ನನಗೂ ಬಾಯಿ ಬರುವುದಿಲ್ಲ. ಮೊದಲು ಕ್ಲೀನಿಂಗ್ ಮಾಡಿಸಿ. ಕಾಫಿ, ಟೀ, ಎಲೆಅಡಿಕೆ ಕಲೆ ಬಹುತೇಕ ಹಲ್ಲಿನ ಮೇಲೆ ಮತ್ತು ಕಟ್ಟಿದ ಪಾಚಿಯ ಮೇಲೆ ಕೂತಿರುತ್ತದೆ. ಸ್ಕೇಲಿಂಗ್, ಪಾಲಿಶಿಂಗ್ ಆದ ಮೇಲೆ ಕನ್ನಡಿ ನೋಡಿಕೊಂಡು "ಇಷ್ಟು ಸಾಕು" ಅಂತ ಎದ್ದು ಹೋಗುವವರು ಬಹಳ ಜನ. ಒಂದೂವರೆ ಸಾವಿರದಲ್ಲಿ ಮುಗಿಯುವ ಕೆಲಸಕ್ಕೆ ಹತ್ತು ಸಾವಿರ ಯಾಕೆ? ಕಾಫಿ ಕುಡಿದ ಮೇಲೆ ಒಂದು ಗುಟುಕು ನೀರಿನಲ್ಲಿ ಬಾಯಿ ಮುಕ್ಕಳಿಸಿ, ಕಲೆ ನಿಧಾನವಾಗುತ್ತದೆ.

ಎಲೆಅಡಿಕೆ ಜೊತೆ ಹೊಗೆಸೊಪ್ಪು ಹಾಕುವವರಿಗೆ ಒಂದು ಮಾತು. ಬಾಯಿ ಮೊದಲಿನಷ್ಟು ತೆರೆಯಲು ಬರುತ್ತಿಲ್ಲ, ಖಾರ ತಿಂದರೆ ಉರಿ, ಕೆನ್ನೆಯ ಒಳಗೆ ಬಿಳಿ ಮಚ್ಚೆ ಇದೆ ಅಂದರೆ ಹಲ್ಲಿನ ಬಣ್ಣದ ಯೋಚನೆ ಪಕ್ಕಕ್ಕಿಡಿ. ಅದನ್ನು ಈ ವಾರವೇ ತೋರಿಸಿ. ತಡ ಮಾಡಬೇಡಿ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದಂತೆ?

ಆಗುವುದಿಲ್ಲ. ಪಾಚಿ ಗಟ್ಟಿಯಾಗಿ ಹಲ್ಲಿನ ಸಂದಿನಲ್ಲಿ ಕೂತಿರುತ್ತದೆ, ಅದರ ಕೆಳಗೆ ವಸಡು, ಮೂಳೆ ಮೊದಲೇ ಕರಗಿರುತ್ತದೆ. ಪಾಚಿ ತೆಗೆದಾಗ ಆ ಖಾಲಿ ಜಾಗ ನಾಲಿಗೆಗೆ ಗೊತ್ತಾಗುತ್ತದೆ ಅಷ್ಟೇ. ನಾಲ್ಕಾರು ದಿನ ಜುಂ ಅನ್ನಬಹುದು.

ಬ್ಲೀಚಿಂಗ್ ಎಷ್ಟು ದಿನ ಉಳಿಯುತ್ತದೆ? ದುಡ್ಡಿಗೆ ತಕ್ಕದ್ದಾ?

ಕೆಲವರಿಗೆ ಆರೇಳು ತಿಂಗಳು, ಕೆಲವರಿಗೆ ಎರಡು ವರ್ಷ. ಕಾಫಿ, ಬೀಡಿ ಸಿಗರೇಟು ಇದ್ದರೆ ಬೇಗ ಮಂಕಾಗುತ್ತದೆ. ಕೆಲಸ ಮಾಡುವುದು ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಕಾರ್ಬಮೈಡ್ ಪೆರಾಕ್ಸೈಡ್. ಕ್ಲಿನಿಕ್‌ನಲ್ಲಿ ಗಟ್ಟಿ ಪ್ರಮಾಣದ ಜೆಲ್ ಹಚ್ಚಿ ಒಂದು ಗಂಟೆಯಲ್ಲಿ ಮುಗಿಸಬಹುದು. ಅಥವಾ ನಿಮ್ಮ ಹಲ್ಲಿನ ಅಳತೆಯ ಟ್ರೇ ಮಾಡಿಕೊಟ್ಟು, ಮನೆಯಲ್ಲೇ ಎರಡು ವಾರ ತೆಳು ಜೆಲ್ ಹಾಕಿಕೊಳ್ಳಲು ಹೇಳಬಹುದು. ಎರಡನೆಯದು ನನಗೆ ಇಷ್ಟ. ಜುಂ ಅನ್ನುವುದು ಕಡಿಮೆ, ಮತ್ತೆ ಆ ಟ್ರೇ ನಿಮ್ಮ ಹತ್ತಿರವೇ ಇರುತ್ತದೆ. ಮುಂದಿನ ವರ್ಷ ಬರೀ ಜೆಲ್ ದುಡ್ಡು ಕೊಟ್ಟರೆ ಸಾಕು.

ಬ್ಲೀಚಿಂಗ್‌ನಿಂದ ಕ್ಯಾಪ್, ವೆನೀರ್, ಫಿಲ್ಲಿಂಗ್ ಬೆಳ್ಳಗಾಗುವುದಿಲ್ಲ. ನಿಮ್ಮ ಸ್ವಂತ ಹಲ್ಲು ಮಾತ್ರ ಬೆಳ್ಳಗಾಗುತ್ತದೆ. ಹಾಗಾಗಿ ಎರಡೂ ಬೇಕು ಅಂದರೆ ಮೊದಲು ಬ್ಲೀಚಿಂಗ್, ಎರಡು ವಾರ ಬಿಟ್ಟು ಫಿಲ್ಲಿಂಗ್ ಅಥವಾ ವೆನೀರ್. ಆ ಎರಡು ವಾರ ಬೇಕೇ ಬೇಕು. ಪೆರಾಕ್ಸೈಡ್ ಹಾಕಿದ ಕೂಡಲೇ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಬಣ್ಣವೂ ನಿಂತಿರುವುದಿಲ್ಲ. ಈ ಕ್ರಮ ಉಲ್ಟಾ ಆದರೆ ಫಿಲ್ಲಿಂಗ್ ಬಣ್ಣ ಹೊಂದದೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.

ಗರ್ಭಿಣಿಯರು, ಮಗುವಿಗೆ ಹಾಲು ಕೊಡುವವರು ಸದ್ಯಕ್ಕೆ ಬ್ಲೀಚಿಂಗ್ ಮಾಡಿಸುವುದು ಬೇಡ.

ನಮ್ಮದು ಅರಸೀಕೆರೆ ಕಡೆ. ಚಿಕ್ಕಂದಿನಿಂದಲೂ ಹಲ್ಲಿನಲ್ಲಿ ಕಂದು ಪಟ್ಟೆ. ಉಜ್ಜಿದರೂ ಹೋಗುತ್ತಿಲ್ಲ.

ಉಜ್ಜಿದರೆ ಹೋಗುವುದಿಲ್ಲ. ನಿಮ್ಮ ತಪ್ಪೂ ಅಲ್ಲ. ಅರಸೀಕೆರೆ, ಕಡೂರು ಕಡೆಯ ಬಯಲುಸೀಮೆಯ ಕೆಲವು ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಅಂತ ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಮಕ್ಕಳು ಕುಡಿದರೆ, ಒಳಗೆ ರೂಪುಗೊಳ್ಳುತ್ತಿರುವ ಹಲ್ಲಿಗೇ ಕಲೆ ಬೀಳುತ್ತದೆ. ಎಂಟು ವರ್ಷದೊಳಗಿನ ಮಕ್ಕಳ ಮುಂದಿನ ಹಲ್ಲಿಗೆ ಇದರ ಹೊಡೆತ ಹೆಚ್ಚು.

ಈ ಕಲೆ ಇರುವವರಿಗೆ ಕೆಲವರು ನೇರ ವೆನೀರ್‌ಗೆ ಹೋಗುತ್ತಾರೆ. ನಾನು ಕೆಳಗಿನ ಮೆಟ್ಟಿಲಿನಿಂದ ಶುರು ಮಾಡುತ್ತೇನೆ. ಕಲೆ ಮೇಲ್ಮೇಲೆ ಇದ್ದರೆ ಮೈಕ್ರೋಅಬ್ರೇಷನ್: ಆಮ್ಲ ಬೆರೆತ ಪೇಸ್ಟ್‌ನಿಂದ ಕೂದಲೆಳೆಯಷ್ಟು ಪದರ ಉಜ್ಜಿ ತೆಗೆಯುವುದು. ಬಿಳಿ ಮಚ್ಚೆ ಇದ್ದರೆ ತೆಳುವಾದ ರೆಸಿನ್, ಅಂದರೆ ಆಮೇಲೆ ಗಟ್ಟಿಯಾಗುವ ದ್ರವ, ಒಳಗೆ ಇಳಿಸುವುದು. ಅದರ ಜೊತೆ ಬ್ಲೀಚಿಂಗ್. ಇವುಗಳಿಂದ ಕಲೆ ಪೂರ್ತಿ ಹೋಗದಿದ್ದರೂ ಎದುರಿಗೆ ಕೂತವರ ಕಣ್ಣಿಗೆ ಬೀಳದಷ್ಟು ತಿಳಿಯಾಗುತ್ತದೆ. ಕೆಲವು ಸಾವಿರದಲ್ಲಿ ಮುಗಿಯುತ್ತದೆ. ಹಲ್ಲಿನಲ್ಲಿ ಗುಳಿ ಬಿದ್ದಿದ್ದರೆ ಕಾಂಪೋಸಿಟ್. ಅದಕ್ಕೂ ಬಗ್ಗದಿದ್ದರೆ ವೆನೀರ್ ಮಾತಾಡೋಣ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಿಮ್ಮ ಹಲ್ಲಿಗಿಂತ ಮೊದಲು ನೀರು ಪರೀಕ್ಷೆ ಮಾಡಿಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಆರ್‌ಒ ಘಟಕದ ನೀರು ಅಥವಾ ಶೇಖರಿಸಿದ ಮಳೆನೀರು ಕುಡಿಸಿ. ಮುಂದೆ ಆಗುವ ಇಷ್ಟೆಲ್ಲ ಖರ್ಚು ಅಲ್ಲೇ ತಪ್ಪುತ್ತದೆ.

ನಿಂಬೆರಸ, ಇದ್ದಿಲು ಹಾಕಿ ಉಜ್ಜಿದರೆ?

ನಿಂಬೆರಸ ಬೇಡವೇ ಬೇಡ. ಪಿಎಚ್ ಅಂದರೆ ಹುಳಿಯ ಅಳತೆ, ಕಡಿಮೆ ಆದಷ್ಟೂ ಹುಳಿ ಜಾಸ್ತಿ. ಬಾಯಿಯ ಪಿಎಚ್ 5.5ರ ಆಸುಪಾಸಿಗೆ ಇಳಿದರೆ ಎನಾಮಲ್ ಕರಗಲು ಶುರುವಾಗುತ್ತದೆ. ನಿಂಬೆರಸದ ಪಿಎಚ್ 2ರ ಹತ್ತಿರ. ಇದ್ದಿಲು ಕಲೆಯ ಜೊತೆ ಎನಾಮಲನ್ನೂ ಕೆರೆಯುತ್ತದೆ. ಎನಾಮಲ್ ತೆಳುವಾದಷ್ಟೂ ಒಳಗಿನ ಹಳದಿ ಡೆಂಟಿನ್ ಜಾಸ್ತಿ ಕಾಣುತ್ತದೆ. ಬೆಳ್ಳಗಾಗಲು ಉಜ್ಜಿ ಉಜ್ಜಿ ಹಳದಿ ಮಾಡಿಕೊಂಡವರನ್ನು ನೋಡಿದ್ದೇನೆ.

ಮಗಳಿಗೆ ಉಬ್ಬು ಹಲ್ಲು. ಕ್ಲಿಪ್ ಹಾಕಿಸಲಾ, ಅಲೈನರ್ ಹಾಕಿಸಲಾ?

ಹಲ್ಲು ಕೀಳಿಸಿ ಜಾಗ ಮಾಡಬೇಕಾದಂಥ ಉಬ್ಬು ಹಲ್ಲಿಗೆ ನಾನು ಇವತ್ತಿಗೂ ಕ್ಲಿಪ್ಪೇ ಒಳ್ಳೆಯದು ಅನ್ನುತ್ತೇನೆ. ಅರ್ಧ ದುಡ್ಡಿನಲ್ಲಿ ಮುಗಿಯುತ್ತದೆ, ಮಕ್ಕಳು ತೆಗೆದಿಡಲು ಬರುವುದಿಲ್ಲ. ಅಲೈನರನ್ನು ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ಹಾಸ್ಟೆಲ್‌ನಲ್ಲಿರುವ ಹುಡುಗಿ ಊಟಕ್ಕೆ ತೆಗೆದದ್ದನ್ನು ಟಿಶ್ಯೂ ಪೇಪರಿನಲ್ಲಿ ಸುತ್ತಿಟ್ಟು ಕಸಕ್ಕೆ ಹಾಕಿಬಿಟ್ಟರೆ ಹೊಸದಕ್ಕೆ ಮತ್ತೆ ದುಡ್ಡು. ಸಣ್ಣ ಗ್ಯಾಪ್, ಅಲ್ಪಸ್ವಲ್ಪ ಸೊಟ್ಟ ಇರುವ, ಕೆಲಸಕ್ಕೆ ಹೋಗುವ ದೊಡ್ಡವರಿಗೆ ಅಲೈನರ್ ಅನುಕೂಲ.

ಕ್ಲಿಪ್‌ಗೆ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ದುಡ್ಡನ್ನು ತಿಂಗಳು ತಿಂಗಳು ಭಾಗ ಮಾಡಿ ಕಟ್ಟುವ ರೂಢಿ ನಮ್ಮ ಕಡೆ ಮೊದಲಿಂದಲೂ ಇದೆ. ಹೇಳಿದ ಮೊತ್ತದಲ್ಲಿ ಇವು ಸೇರಿವೆಯಾ ಕೇಳಿ: ಹಲ್ಲು ಕೀಳುವುದು, ಎಕ್ಸ್‌ರೇ, ಬ್ರಾಕೆಟ್ (ಹಲ್ಲಿಗೆ ಅಂಟಿಸುವ ಸಣ್ಣ ಕ್ಲಿಪ್ ತುಂಡು) ಬಿದ್ದರೆ ಮತ್ತೆ ಅಂಟಿಸುವುದು, ಕೊನೆಗೆ ಹಲ್ಲು ಸರಿಯದಂತೆ ಹಿಡಿದಿಡಲು ಕೊಡುವ ರಿಟೇನರ್. ರಿಟೇನರ್ ಬಹಳ ಮುಖ್ಯ. ಕ್ಲಿಪ್ ತೆಗೆದ ಮೇಲೆ ಅದನ್ನು ಹಾಕದಿದ್ದರೆ ಹಲ್ಲು ಹಳೇ ಜಾಗದ ಕಡೆಗೆ ವಾಪಸ್ ಹೋಗುತ್ತದೆ. ಆಗ ಎರಡು ವರ್ಷದ ಕಷ್ಟ, ದುಡ್ಡು ಎರಡೂ ಹೋದಂತೆ. ಈ ಕೆಲಸವನ್ನು ಆರ್ಥೊಡಾಂಟಿಕ್ಸ್‌ನಲ್ಲಿ, ಅಂದರೆ ಹಲ್ಲು ಸಾಲಾಗಿಸುವ ವಿಭಾಗದಲ್ಲಿ, ಎಂಡಿಎಸ್ (ದಂತ ವೈದ್ಯಕೀಯದ ಸ್ನಾತಕೋತ್ತರ ಪದವಿ) ಮಾಡಿದವರ ಹತ್ತಿರ ಮಾಡಿಸಿ. ಬಹಳ ಕ್ಲಿನಿಕ್‌ಗಳಿಗೆ ಅವರು ತಿಂಗಳಿಗೆ ಎರಡು ಮೂರು ದಿನ ಮಾತ್ರ ಬರುತ್ತಾರೆ, ಆ ದಿನ ಯಾವುದು ಅಂತ ಕೇಳಿಕೊಳ್ಳಿ.

ಆನ್‌ಲೈನ್‌ನಲ್ಲಿ ಅಲೈನರ್ ಅಗ್ಗಕ್ಕೆ ಸಿಗುತ್ತದಲ್ಲ?

ಅಮೆರಿಕದಲ್ಲಿ ಸ್ಮೈಲ್ ಡೈರೆಕ್ಟ್ ಕ್ಲಬ್ ಅನ್ನುವ ದೊಡ್ಡ ಕಂಪನಿ ಹೀಗೆ ಮನೆಗೇ ಅಲೈನರ್ ಕಳಿಸುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಇದ್ದಕ್ಕಿದ್ದಂತೆ ಬಾಗಿಲು ಹಾಕಿತು. ಚಿಕಿತ್ಸೆ ಅರ್ಧಕ್ಕೆ ನಿಂತವರು ಕಂಗಾಲಾದರು. ಕಂತು ಬಾಕಿ ಇದ್ದವರು ಕಟ್ಟುತ್ತಲೇ ಇರಬೇಕು ಅಂತ ಕಂಪನಿ ಹೇಳಿತ್ತು. ಯಾವ ಬ್ರ್ಯಾಂಡ್ ಆದರೂ ಸರಿ, ನಿಮ್ಮ ಬಾಯಿ ನೋಡಿ, ಎಕ್ಸ್‌ರೇ ನೋಡಿ, ತಿಂಗಳಿಗೊಮ್ಮೆ ಎದುರಿಗೆ ಸಿಗುವ ಡಾಕ್ಟರ್ ಇದ್ದರೆ ಮಾತ್ರ ಒಪ್ಪಿಕೊಳ್ಳಿ.

ಮದುವೆಗೆ ಹದಿನೈದು ದಿನ ಇದೆ. ಏನು ಮಾಡಿಸಬಹುದು?

ಕ್ಲೀನಿಂಗ್, ಪಾಲಿಶಿಂಗ್ ಮಾಡಿಸಿ. ವಸಡು ಚೆನ್ನಾಗಿದ್ದರೆ ಒಂದು ಸಲ ಬ್ಲೀಚಿಂಗ್. ಮುರಿದ ಅಂಚು, ಸಣ್ಣ ಗ್ಯಾಪ್ ಇದ್ದರೆ ಬ್ಲೀಚಿಂಗ್ ಬಿಟ್ಟು ಬರೀ ಕಾಂಪೋಸಿಟ್ ಮಾಡಿಸಿ. ಅಷ್ಟೇ ಸಾಕು. ಹದಿನೈದು ದಿನದಲ್ಲಿ ಎಂಟು ಹಲ್ಲು ತೇಯ್ದು ವೆನೀರ್ ಕೂರಿಸುವುದು ಆಗದ ಕೆಲಸ ಅಲ್ಲ, ಆದರೆ ಆಕಾರ ಇಷ್ಟ ಆಗದಿದ್ದರೆ ತಿದ್ದಲು ಸಮಯ ಇರುವುದಿಲ್ಲ. ವೆನೀರ್ ಬೇಕೇ ಬೇಕು ಅಂದರೆ ಎರಡು ತಿಂಗಳು ಮೊದಲೇ ಬನ್ನಿ. ಮೊದಲು ತಾತ್ಕಾಲಿಕವಾಗಿ ಹಲ್ಲಿನ ಮೇಲೆ ಆಕಾರ ಕೂರಿಸಿ ತೋರಿಸುವುದುಂಟು, ಅದಕ್ಕೆ ಮಾಕಪ್ ಅನ್ನುತ್ತಾರೆ. ಅದನ್ನು ಹಾಕಿಕೊಂಡು ಮಾತಾಡಿ ನೋಡಿ, ನಕ್ಕು ಫೋಟೋ ತೆಗೆಸಿ, ಮನೆಯವರಿಗೆ ತೋರಿಸಿ. ಆಮೇಲೆ ತೇಯಲು ಒಪ್ಪಿಗೆ ಕೊಡಿ.

ಬೆಂಗಳೂರಿಗೋ ಮಂಗಳೂರಿಗೋ ಹೋದರೆ ಕೆಲಸ ಚೆನ್ನಾಗಿರುತ್ತಾ?

ಒಳ್ಳೇ ಡಾಕ್ಟರು ಎಲ್ಲ ಕಡೆ ಇದ್ದಾರೆ. ಖರ್ಚಿನ ಲೆಕ್ಕ ಮಾತ್ರ ಸರಿಯಾಗಿ ಹಾಕಿ. ವೆನೀರ್‌ಗೆ ಕಡಿಮೆ ಅಂದರೂ ಮೂರು ನಾಲ್ಕು ಸಲ ಹೋಗಬೇಕು. ಬಸ್ಸು, ಊಟ, ಹೋದ ದಿನದ ಕೂಲಿ ಅಥವಾ ರಜೆ, ಜೊತೆಗೆ ಬರುವವರದ್ದೂ ಸೇರಿಸಿ. ಆಮೇಲೆ ಒಂದು ಭಾನುವಾರ ಸಂಜೆ ತಾತ್ಕಾಲಿಕ ಕ್ಯಾಪ್ ಬಿದ್ದುಹೋದರೆ ಏನು ಮಾಡುತ್ತೀರಿ ಅಂತಲೂ ಯೋಚಿಸಿ. ಬೇರೆಯವರು ಮಾಡಿದ ಕೆಲಸವನ್ನು ಮುಟ್ಟಲು ಇಲ್ಲಿನ ಡಾಕ್ಟರು ಹಿಂಜರಿಯುವುದುಂಟು. ಕಷ್ಟದ ಕೇಸು ಆಗಿದ್ದರೆ ನಾನೇ ಬೆಂಗಳೂರಿಗೆ ಹೋಗಿ ಅನ್ನುತ್ತೇನೆ.

ಅಷ್ಟು ದುಡ್ಡಿಲ್ಲ. ಕಡಿಮೆಯಲ್ಲಿ ಎಲ್ಲಿ ಆಗುತ್ತದೆ?

ಹಾಸನದ ವಿದ್ಯಾನಗರದಲ್ಲಿ ಶ್ರೀ ಹಾಸನಾಂಬ ಡೆಂಟಲ್ ಕಾಲೇಜು ಇದೆ. ಡೆಂಟಲ್ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಚಿಕಿತ್ಸೆ ಮಾಡುತ್ತಾರೆ, ಪ್ರೊಫೆಸರುಗಳು ಹಂತ ಹಂತಕ್ಕೂ ನೋಡುತ್ತಾರೆ. ರೇಟು ಖಾಸಗಿ ಕ್ಲಿನಿಕ್‌ಗಿಂತ ಕಡಿಮೆ ಇರುತ್ತದೆ. ಸಮಯ ಜಾಸ್ತಿ ಬೇಕು, ಹೆಚ್ಚು ಸಲ ಓಡಾಡಬೇಕು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಬಸ್ ಚಾರ್ಜ್ ಇಲ್ಲದ್ದರಿಂದ ಓಡಾಟ ಅಷ್ಟು ಭಾರ ಅಲ್ಲ. ವಿದ್ಯಾರ್ಥಿ ಅಂದ ಕೂಡಲೇ ಹೆದರಬೇಡಿ. ನಾವೆಲ್ಲ ಅಲ್ಲಿಂದ ಬಂದವರೇ, ಮತ್ತೆ ಅಲ್ಲಿ ಯಾರೂ ನಿಮ್ಮನ್ನು ಅವಸರ ಮಾಡುವುದಿಲ್ಲ.

ಬಿಪಿಎಲ್ ಕುಟುಂಬದ ಹಿರಿಯರಿಗೆ ಹಲ್ಲು ಪೂರ್ತಿ ಹೋಗಿದ್ದರೆ ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಉಚಿತವಾಗಿ ಹಲ್ಲಿನ ಸೆಟ್ ಕೊಡುವ ವ್ಯವಸ್ಥೆ ಬಂದಿದೆ. ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಜಾತ್ರೆಯಲ್ಲಿ, ಸಂತೆಯಲ್ಲಿ ಒಂದೇ ದಿನದಲ್ಲಿ ಹಲ್ಲು ಕಟ್ಟಿಕೊಡುತ್ತಾರೆ. ಪಾರ್ಲರಿನಲ್ಲಿ ಬ್ಲೀಚಿಂಗ್ ಇದೆ.

ಎರಡೂ ಬೇಡ. ಜಾತ್ರೆಯಲ್ಲಿ ಕಟ್ಟುವುದು ಅಲ್ಲೇ ಕಲಸಿ ಗಟ್ಟಿ ಮಾಡುವ ಅಕ್ರಿಲಿಕ್ ಪ್ಲಾಸ್ಟಿಕ್. ಅದನ್ನು ಪಕ್ಕದ ಗಟ್ಟಿ ಹಲ್ಲಿಗೆ ತಂತಿಯಲ್ಲಿ ಬಿಗಿದು ಅಂಟಿಸುತ್ತಾರೆ. ಕೆಳಗೆ ಕೊಳೆ ಕೂತು ಆ ಗಟ್ಟಿ ಹಲ್ಲುಗಳೂ ಅಲುಗಾಡುತ್ತವೆ. ಒಂದು ಹಲ್ಲು ಕಟ್ಟಿಸಲು ಹೋಗಿ ಮೂರು ಹಲ್ಲು ಕಳೆದುಕೊಂಡವರಿಗೆ ಆಮೇಲೆ ಬೀಳುವ ಖರ್ಚು ದೊಡ್ಡದು.

ಇನ್ಶೂರೆನ್ಸ್‌ನಲ್ಲಿ ಬರುತ್ತದಾ?

ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಕಾಸ್ಮೆಟಿಕ್ ಚಿಕಿತ್ಸೆ ಹೊರಗಿಟ್ಟ ಪಟ್ಟಿಯಲ್ಲಿರುತ್ತದೆ. ಅಪಘಾತದಲ್ಲಿ ಹಲ್ಲು ಮುರಿದು ಆಸ್ಪತ್ರೆಗೆ ಸೇರಿದ್ದರೆ ಕೆಲವು ಪಾಲಿಸಿಗಳು ಕೊಡುತ್ತವೆ. ಬೈಕಿನಿಂದ ಬಿದ್ದು ಮುಂದಿನ ಹಲ್ಲು ಹೋಗಿದ್ದರೆ ಆಸ್ಪತ್ರೆಯ ದಾಖಲೆ, ಎಕ್ಸ್‌ರೇ ಎಲ್ಲ ಜೋಪಾನ ಮಾಡಿ, ಕ್ಲೇಮ್ ಹಾಕಿ ನೋಡಿ.

ಬಿಲ್ಲಿನಲ್ಲಿ ಜಿಎಸ್‌ಟಿ ಹಾಕಿದ್ದಾರೆ. ಹಾಕಬಹುದಾ?

ಕಾಯಿಲೆಗೆ ಕೊಡುವ ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ಹುಳುಕು, ರೂಟ್ ಕೆನಾಲ್, ವಸಡಿನ ಚಿಕಿತ್ಸೆ ಎಲ್ಲ ಅದರಲ್ಲಿ ಬರುತ್ತವೆ. ಕಾಸ್ಮೆಟಿಕ್ ಸರ್ಜರಿಗೆ ಆ ವಿನಾಯಿತಿ ಇಲ್ಲ. ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ದೋಷ ಅಥವಾ ಪೆಟ್ಟಿನಿಂದ ಹಾಳಾದದ್ದನ್ನು ಸರಿಮಾಡುವುದಾದರೆ ಅದಕ್ಕೂ ವಿನಾಯಿತಿ ಉಂಟು. ಬರೀ ಅಂದಕ್ಕೆ ಮಾಡಿದ ಕೆಲಸಕ್ಕೆ ಕೆಲವು ಕ್ಲಿನಿಕ್‌ಗಳು ಶೇಕಡ 18 ಹಾಕುತ್ತವೆ. ಹಾಕಿದರೆ ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ಇರಲೇಬೇಕು. 96,000ಕ್ಕೆ ಶೇಕಡ 18 ಅಂದರೆ 17,280 ರೂಪಾಯಿ. ಹೇಳಿದ ಮೊತ್ತದಲ್ಲಿ ಅದು ಸೇರಿದೆಯಾ ಅಂತ ಮೊದಲೇ ಕೇಳಿ.

ಬಡ್ಡಿಯಿಲ್ಲದ ಇಎಂಐ ಕೊಡುತ್ತಾರಂತೆ. ತಗೋಬಹುದಾ?

ಎರಡು ಥರ ಇದೆ. ಡಾಕ್ಟರೇ ನಿಮ್ಮನ್ನು ನಂಬಿ ಮೂರು ನಾಲ್ಕು ಕಂತಿನಲ್ಲಿ ಇಸಿದುಕೊಳ್ಳುವುದು ಒಂದು. ಅದು ಒಳ್ಳೆಯದು. ಇನ್ನೊಂದರಲ್ಲಿ ಫೈನಾನ್ಸ್ ಕಂಪನಿ ನಿಮ್ಮ ಹೆಸರಿನಲ್ಲಿ ಸಾಲ ಮಾಡಿ ಪೂರ್ತಿ ದುಡ್ಡನ್ನು ಕ್ಲಿನಿಕ್‌ಗೆ ಮೊದಲೇ ಕೊಟ್ಟುಬಿಡುತ್ತದೆ. ಮುಂದೆ ಚಿಕಿತ್ಸೆ ನಿಂತರೂ ಕಂತು ನಿಲ್ಲುವುದಿಲ್ಲ. ಕಟ್ಟದಿದ್ದರೆ ಸಿಬಿಲ್ ಸ್ಕೋರ್ (ಸಾಲ ತೀರಿಸುವ ರೀತಿಗೆ ಬ್ಯಾಂಕುಗಳು ನೋಡುವ ಅಂಕ) ಬೀಳುತ್ತದೆ, ನಾಳೆ ಬೆಳೆಸಾಲಕ್ಕೋ ಮನೆ ಸಾಲಕ್ಕೋ ಹೋದಾಗ ಅಡ್ಡ ಬರುತ್ತದೆ. ಒಟಿಪಿ ಹೇಳುವ ಮೊದಲು ಇದು ಯಾವ ಥರದ್ದು, ಪ್ರೊಸೆಸಿಂಗ್ ಚಾರ್ಜ್ ಎಷ್ಟು ಅಂತ ಕೇಳಿ. ನನ್ನ ಅಭಿಪ್ರಾಯ ಕೇಳಿದರೆ, ನೋವಿಲ್ಲದ ಹಲ್ಲಿಗೆ ಸಾಲ ಮಾಡಬೇಡಿ. ಆರು ತಿಂಗಳು ಕಾದರೆ ಏನೂ ಕೆಡುವುದಿಲ್ಲ.

ಎಸ್ಟಿಮೇಟ್‌ನಲ್ಲಿ ಏನೇನು ಬರೆಸಿಕೊಳ್ಳಬೇಕು?

ಯಾವ ಹಲ್ಲು, ಎಷ್ಟು ಹಲ್ಲು, ಯಾವ ಸಾಮಗ್ರಿ, ಒಂದಕ್ಕೆ ಎಷ್ಟು. ಕ್ಲೀನಿಂಗ್, ಎಕ್ಸ್‌ರೇ, ತಾತ್ಕಾಲಿಕ ಕ್ಯಾಪ್ ಸೇರಿದೆಯಾ. ಬಣ್ಣ ಹೊಂದದಿದ್ದರೆ ಮತ್ತೆ ಮಾಡಿಸುವ ಖರ್ಚು ಯಾರದ್ದು. ನಡುವೆ ರೂಟ್ ಕೆನಾಲ್ ಬೇಕಾದರೆ ಎಷ್ಟು. ಇಷ್ಟನ್ನು ಲೆಟರ್‌ಹೆಡ್ ಮೇಲೆ ಬರೆಸಿ ಮನೆಗೆ ತಗೊಂಡು ಹೋಗಿ, ಎರಡು ದಿನ ಬಿಟ್ಟು ಹೇಳಿ. "ಇವತ್ತೇ ಕಟ್ಟಿದರೆ ಮಾತ್ರ ಡಿಸ್ಕೌಂಟ್" ಅಂದರೆ ಎದ್ದು ಬನ್ನಿ.

ಜಿರ್ಕೋನಿಯಾಗೆ 10 ವರ್ಷ, 15 ವರ್ಷ ವಾರಂಟಿ ಕಾರ್ಡ್ ಕೊಡುತ್ತಾರೆ. ಅದಕ್ಕೆ ಬೆಲೆ ಇದೆಯಾ?

ಇದೆ, ಆದರೆ ಸ್ವಲ್ಪ. ಅದು ಲ್ಯಾಬಿನ ವಾರಂಟಿ. ಕ್ಯಾಪ್ ತಾನಾಗಿ ಬಿರುಕು ಬಿಟ್ಟರೆ ಹೊಸ ಕ್ಯಾಪ್ ಮಾಡಿಕೊಡುತ್ತಾರೆ. ತೆಗೆದು ಹಾಕುವ ಡಾಕ್ಟರ ಫೀಸು, ಕೆಳಗಿನ ಹಲ್ಲು ಹುಳುಕಾಗುವುದು ಸಾಮಾನ್ಯವಾಗಿ ಅದರಲ್ಲಿ ಬರುವುದಿಲ್ಲ. ಕಾರ್ಡಿನ ಮೇಲಿನ ನಂಬರನ್ನು ಆ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ, ನಿಮ್ಮ ಹೆಸರೇ ಬರುತ್ತದಾ ನೋಡಿ.

ಡಾಕ್ಟರು ಸರಿಯಾದವರು ಅಂತ ಹೇಗೆ ತಿಳಿಯುವುದು?

ಬಿಡಿಎಸ್ ಅಥವಾ ಎಂಡಿಎಸ್ ಓದಿ, ದಂತ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ಆಗಿರಬೇಕು. ಕರ್ನಾಟಕದಲ್ಲಿ ಖಾಸಗಿ ಕ್ಲಿನಿಕ್‌ಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ ನೋಂದಣಿ ಮಾಡಿಸಿ ಆ ಸರ್ಟಿಫಿಕೇಟನ್ನು ಕಾಣುವಂತೆ ಹಾಕಬೇಕು. ದರಪಟ್ಟಿಯನ್ನೂ ಜನರಿಗೆ ಸಿಗುವಂತೆ ಇಡಬೇಕು. ಗೋಡೆ ನೋಡಿ, ಕಾಣದಿದ್ದರೆ ಕೇಳಿ. ಅವರೇ ಮಾಡಿದ ಕೇಸುಗಳ ಹಳೇ ಫೋಟೋ ತೋರಿಸಿ ಅನ್ನಿ, ಅದರಲ್ಲೂ ಮೂರ್ನಾಲ್ಕು ವರ್ಷ ಆದ ಮೇಲೆ ತೆಗೆದದ್ದನ್ನು. ಕೆಲಸ ಮುಗಿದ ದಿನ ಎಲ್ಲರ ಹಲ್ಲೂ ಚಂದವೇ.

ಕೆಲಸ ಹಾಳಾಗಿದೆ, ದುಡ್ಡೂ ಹೋಗಿದೆ. ಎಲ್ಲಿ ಕೇಳುವುದು?

ಮೊದಲು ಅದೇ ಡಾಕ್ಟರ ಹತ್ತಿರ ಹೋಗಿ ಸಮಾಧಾನವಾಗಿ ಹೇಳಿ. ಬಹಳ ಸಲ ಅಲ್ಲೇ ಸರಿಹೋಗುತ್ತದೆ. ಅವರು ಕೇಳದಿದ್ದರೆ ಎಕ್ಸ್‌ರೇ, ಬಿಲ್ಲು, ಎಸ್ಟಿಮೇಟ್, ಫೋಟೋ ಒಟ್ಟು ಮಾಡಿ ಇನ್ನೊಬ್ಬ ಡಾಕ್ಟರಿಗೆ ತೋರಿಸಿ, ಅವರ ಅಭಿಪ್ರಾಯ ಬರೆಸಿಕೊಳ್ಳಿ. ಕೆಪಿಎಂಇ ಅಡಿಯಲ್ಲಿ ಜಿಲ್ಲಾ ಮಟ್ಟದ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಗ್ರಾಹಕ ಆಯೋಗಕ್ಕೂ ಹೋಗಬಹುದು. ದುಡ್ಡು ಕೊಟ್ಟು ಪಡೆದ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕ ಇಲ್ಲ. ತೊಂದರೆ ಆದ 2 ವರ್ಷದೊಳಗೆ ಹಾಕಬೇಕು. ಹೇಗೆ ಬರೆಯುವುದು ಗೊತ್ತಾಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಿಲ್ಲು ಇಲ್ಲದಿದ್ದರೆ ಇದೆಲ್ಲ ಕಷ್ಟ. ಹಾಗಾಗಿ ಐನೂರು ರೂಪಾಯಿ ಕೊಟ್ಟರೂ ರಸೀದಿ ಇಸಿದುಕೊಳ್ಳಿ.